ಮುಚ್ಚಿದ ಸ್ಥಾವರ, ಎಳೆಯದ ತಂತಿ

ದಕ್ಷಿಣ ಆಫ್ರಿಕಾದ ಸರ್ಕಾರಿ ವಿದ್ಯುತ್ ಸಂಸ್ಥೆಯ ಹೆಸರು ಎಸ್ಕಾಮ್. ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳನ್ನು ಒಟ್ಟಾಗಿ ಎಸ್ಕಾಂಗಳು ಎಂದು ಕರೆದು ಅಭ್ಯಾಸವಾಗಿರುವ ನಮಗೆ ಆ ಹೆಸರು ಪಕ್ಕದ ಮನೆಯದೇ ಅನ್ನಿಸುತ್ತದೆ. ಲೋಡ್ ಶೆಡ್ಡಿಂಗ್ ಎಂಬ ಮಾತು ಅಲ್ಲಿಯೂ ಮಕ್ಕಳ ಬಾಯಲ್ಲಿದೆ. ನಾನು ಕೆಇಬಿಗೆ, ಎಂದರೆ ಹಿಂದಿನ ಕರ್ನಾಟಕ ವಿದ್ಯುತ್ ಮಂಡಳಿಗೆ, ಸಹಾಯಕ ಎಂಜಿನಿಯರ್ ಆಗಿ ಸೇರಿ, ಅದು ನಿಗಮವಾದ ಮೇಲೆ ಕೆಪಿಟಿಸಿಎಲ್‌ನ ಪ್ರಸರಣ ವಿಭಾಗದಿಂದ, ಎಂದರೆ ಸ್ಥಾವರದ ವಿದ್ಯುತ್ತನ್ನು ದೂರದೂರಿಗೆ ಒಯ್ಯುವ ದಪ್ಪ ತಂತಿಗಳ ವಿಭಾಗದಿಂದ, ನಿವೃತ್ತನಾದವನು. ತೊಂಬತ್ತರ ದಶಕದ ಬೇಸಿಗೆಯ ಸಂಜೆಗಳಲ್ಲಿ ಸ್ವೀಕರಣಾ ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ಕುಳಿತು, ಬೆಂಗಳೂರಿನ ಲೋಡ್ ಡೆಸ್ಪ್ಯಾಚ್ ಕೇಂದ್ರದಿಂದ ಫೋನ್ ಬಂದಾಗಲೆಲ್ಲ ಯಾವ ಫೀಡರ್ ತೆಗೆಯಬೇಕು, ಯಾವ ಊರನ್ನು ಕತ್ತಲೆಗೆ ದೂಡಬೇಕು ಎಂದು ನಿರ್ಧರಿಸುವ ಕೆಲಸ ಮಾಡಿದ್ದೇನೆ. ಆದ್ದರಿಂದ 2021ರ ನವೆಂಬರಿನಲ್ಲಿ ಗ್ಲಾಸ್ಗೊ ಹವಾಮಾನ ಸಮ್ಮೇಳನದಲ್ಲಿ ಐದು ಶ್ರೀಮಂತ ಪಾಲುದಾರರು ಸೇರಿ ದಕ್ಷಿಣ ಆಫ್ರಿಕಾಕ್ಕೆ 850 ಕೋಟಿ ಡಾಲರ್ ನೆರವು ಘೋಷಿಸಿದ ದಿನದಿಂದ ಆ ದೇಶದ ವಿದ್ಯುತ್ ಸುಧಾರಣೆಯನ್ನು ಬಿಡದೆ ಗಮನಿಸುತ್ತಾ ಬಂದಿದ್ದೇನೆ.

ಬ್ರಿಟನ್, ಫ್ರಾನ್ಸ್, ಜರ್ಮನಿ, ಅಮೆರಿಕ ಮತ್ತು ಯುರೋಪಿಯನ್ ಒಕ್ಕೂಟಗಳು ಆ ಪಾಲುದಾರರು. ನ್ಯಾಯಯುತ ಇಂಧನ ಪರಿವರ್ತನೆ ಎಂಬುದು ಒಪ್ಪಂದದ ತಿರುಳು. ವಿದ್ಯುತ್ತಿನ ಶೇ. 80ಕ್ಕೂ ಹೆಚ್ಚು ಪಾಲನ್ನು ಕಲ್ಲಿದ್ದಲಿನಿಂದ ಪಡೆಯುವ ದೇಶವೊಂದು ನಿಧಾನವಾಗಿ ಗಾಳಿ ಮತ್ತು ಬಿಸಿಲಿನ ಕಡೆಗೆ ಹೊರಳಬೇಕು, ಹಾಗೆ ಹೊರಳುವಾಗ ಕಲ್ಲಿದ್ದಲನ್ನೇ ನಂಬಿದ ಕಾರ್ಮಿಕರು ಬೀದಿಗೆ ಬೀಳಬಾರದು ಎಂಬುದು ಅದರ ಆಶಯವಾಗಿತ್ತು. ಇಂಡೋನೇಷ್ಯಾ, ವಿಯೆಟ್ನಾಂ, ಸೆನೆಗಲ್ ದೇಶಗಳೊಂದಿಗೆ ಮುಂದೆ ಆದ ಒಪ್ಪಂದಗಳಿಗೆ ಇದೇ ಮಾದರಿ. ಭಾರತದೊಂದಿಗೂ ಮಾತುಕತೆ ನಡೆಯಿತು, ಆದರೆ ಭಾರತ ಒಪ್ಪಲಿಲ್ಲ. ಒಪ್ಪದೆ ಇದ್ದದ್ದು ಸರಿಯೆಂದೇ ನಾನು ಭಾವಿಸುತ್ತೇನೆ. ಹಾಗೆಂದು ಹೊರಗಿನ ನೆರವೇ ಬೇಡ ಎನ್ನುವವನೂ ನಾನಲ್ಲ. ಯಾವುದು ಮೊದಲು, ಯಾವುದು ನಂತರ ಎಂಬ ಲೆಕ್ಕ ಆ ದೇಶದಲ್ಲಿ ತಪ್ಪಿತು ಎಂಬುದೇ ನನ್ನ ಆಕ್ಷೇಪ.

ಅಲ್ಲಿನ ಕತ್ತಲೆ ಗ್ಲಾಸ್ಗೊ ಸಮ್ಮೇಳನಕ್ಕಿಂತ ಬಹಳ ಹಳೆಯದು. 1998ರಲ್ಲಿಯೇ ದಕ್ಷಿಣ ಆಫ್ರಿಕಾ ಸರ್ಕಾರದ ಇಂಧನ ನೀತಿ ಪತ್ರವು, ಹೊಸ ಸ್ಥಾವರಗಳ ಬಗ್ಗೆ ಸಕಾಲದಲ್ಲಿ ತೀರ್ಮಾನ ಮಾಡದಿದ್ದರೆ 2007ರ ಹೊತ್ತಿಗೆ ವಿದ್ಯುತ್ ಸಾಲದೆ ಹೋಗುತ್ತದೆ ಎಂದು ಎಚ್ಚರಿಸಿತ್ತು. ತೀರ್ಮಾನ ತಡವಾಯಿತು, ಕೊರತೆ ಹೇಳಿದ ಸಮಯಕ್ಕೇ ಬಂತು. 2008ರ ಜನವರಿಯಲ್ಲಿ ಚಿನ್ನದ ಮತ್ತು ಪ್ಲಾಟಿನಂ ಗಣಿಗಳೇ ಕೆಲವು ದಿನ ಕೆಲಸ ನಿಲ್ಲಿಸಬೇಕಾಯಿತು. ಆಗ ಆತುರಾತುರವಾಗಿ ಮೆಡುಪಿ ಮತ್ತು ಕುಸಿಲೆ ಎಂಬ ಎರಡು ಬೃಹತ್ ಕಲ್ಲಿದ್ದಲು ಸ್ಥಾವರಗಳ ಕೆಲಸ ಸಾಗಿತು. ಒಂದೊಂದೂ ಸುಮಾರು 4,800 ಮೆಗಾವಾಟ್ ಸಾಮರ್ಥ್ಯದ್ದು, ಎಂದರೆ ನಮ್ಮ ರಾಯಚೂರಿನ ಉಷ್ಣ ವಿದ್ಯುತ್ ಕೇಂದ್ರದ ಎರಡೂವರೆ ಪಟ್ಟಿಗೂ ಮಿಗಿಲು. 2010ರಲ್ಲಿ ವಿಶ್ವಬ್ಯಾಂಕ್ ಎಸ್ಕಾಮಿಗೆ 375 ಕೋಟಿ ಡಾಲರ್ ಸಾಲ ಕೊಟ್ಟಿತು, ಅದರ ಬಹುಪಾಲು ಮೆಡುಪಿಗಾಗಿಯೇ. ಮೆಡುಪಿ ಹಲವು ವರ್ಷ ತಡವಾಗಿ, ಅಂದಾಜನ್ನು ಮೀರಿದ ವೆಚ್ಚದಲ್ಲಿ, 2021ರ ಜುಲೈ ಕೊನೆಯಲ್ಲಿ ಪೂರ್ಣಗೊಂಡಿತು. ವಾರ ಕಳೆದ ಬೆನ್ನಲ್ಲೇ ಅದರ ನಾಲ್ಕನೆಯ ಘಟಕದ ಜನರೇಟರ್ ಸ್ಫೋಟಗೊಂಡಿತು. ಇದೇ ಅವಧಿಯಲ್ಲಿ ಎಸ್ಕಾಮಿನ ಕಲ್ಲಿದ್ದಲು ಗುತ್ತಿಗೆಗಳಲ್ಲಿ ನಡೆದ ಭ್ರಷ್ಟಾಚಾರವನ್ನು ನ್ಯಾಯಮೂರ್ತಿ ರೇಮಂಡ್ ಝೋಂಡೊ ಆಯೋಗ ವಿವರವಾಗಿ ದಾಖಲಿಸಿದೆ. ಸಂಸ್ಥೆಯ ಸಾಲ, ಆ ದೇಶದ ನಾಣ್ಯದಲ್ಲಿ, 40,000 ಕೋಟಿ ರ‍್ಯಾಂಡ್ ಮೀರಿತು.

ಮೆಡುಪಿಗೆ ಸಾಲ ಕೊಟ್ಟು ಹನ್ನೆರಡು ವರ್ಷ ಕಳೆದ ಮೇಲೆ, 2022ರ ನವೆಂಬರಿನಲ್ಲಿ, ಅದೇ ವಿಶ್ವಬ್ಯಾಂಕ್ ಅದೇ ಎಸ್ಕಾಮಿಗೆ ಇನ್ನೊಂದು ಕಲ್ಲಿದ್ದಲು ಸ್ಥಾವರವನ್ನು ಮುಚ್ಚಲು ಹಣ ಕೊಟ್ಟಿತು. ಕಲ್ಲಿದ್ದಲು ಉರಿಸಲು ತಂದ ಸಾಲವೇ ತೀರದಿರುವಾಗ ಅದನ್ನು ಆರಿಸಲೆಂದು ಮತ್ತೊಂದು ಸಾಲ ಬಂತು. ಬ್ಯಾಂಕಿನ ನೀತಿ ಕಾಲಕ್ಕೆ ತಕ್ಕಂತೆ ಬದಲಾಗುವುದು ತಪ್ಪಲ್ಲ. ಹವಾಮಾನದ ಅರಿವು ಬೆಳೆದಂತೆ ಅದು ಬದಲಾಗಲೇಬೇಕಿತ್ತು. ಆದರೆ ಎರಡೂ ಸಲ ಕಂತು ಕಟ್ಟಬೇಕಾದವನು ಸಾಲ ಪಡೆದವನೇ ಎಂಬುದನ್ನು ಮರೆಯಬಾರದು.

ಹಾಗೆ ಮುಚ್ಚಿದ ಸ್ಥಾವರ ಕೊಮಾಟಿ. ಮಪುಮಲಂಗ ಪ್ರಾಂತ್ಯದಲ್ಲಿರುವ, 1961ರಲ್ಲಿ ಮೊದಲ ಘಟಕ ಶುರುವಾದ, ಒಂಬತ್ತು ಘಟಕಗಳು ಸೇರಿ 1,000 ಮೆಗಾವಾಟ್ ಸಾಮರ್ಥ್ಯವಿದ್ದ ಹಳೆಯ ಸ್ಥಾವರ ಅದು. ಕೊನೆಗೆ ಉಳಿದಿದ್ದ ಒಂದೇ ಒಂದು ಘಟಕವನ್ನು 2022ರ ಅಕ್ಟೋಬರ್ 31ರಂದು ನಿಲ್ಲಿಸಿದರು. ಆಯಸ್ಸು ಮುಗಿದ ಯಂತ್ರವನ್ನು ನಿಲ್ಲಿಸಿದ್ದಕ್ಕೆ ನನಗೆ ಬೇಸರವಿಲ್ಲ. ಆ ದಿನ ಅಲ್ಲಿ ಬೇರೆ ಏನು ಸಿದ್ಧವಿತ್ತು ಎಂಬುದು ನನ್ನ ಪ್ರಶ್ನೆ. 150 ಮೆಗಾವಾಟ್ ಸೌರ ವಿದ್ಯುತ್, 70 ಮೆಗಾವಾಟ್ ಪವನ ವಿದ್ಯುತ್, 150 ಮೆಗಾವಾಟ್ ಬ್ಯಾಟರಿ, ಇವೆಲ್ಲ ಅಲ್ಲಿ ಬರಲಿವೆ ಎಂದು ಯೋಜನೆ ಹೇಳುತ್ತಿತ್ತು. ಅದಕ್ಕೆ ವಿಶ್ವಬ್ಯಾಂಕ್ ಹಣ ಮಂಜೂರು ಮಾಡಿದ್ದೇ ಘಟಕ ನಿಂತ ಕೆಲವು ದಿನಗಳ ಬಳಿಕ. ಮಂಜೂರಾದ 49.7 ಕೋಟಿ ಡಾಲರಿನಲ್ಲಿ ದಾನವೆಂದು ಬಂದದ್ದು ಒಂದು ಕೋಟಿ ಡಾಲರ್ ಮಾತ್ರ, ಮಿಕ್ಕದ್ದೆಲ್ಲ ಸಾಲ. ಎಸ್ಕಾಮಿನ ಕಾಯಂ ನೌಕರರನ್ನು ಬೇರೆ ಸ್ಥಾವರಗಳಿಗೆ ವರ್ಗಾಯಿಸಿದರು. ಸ್ಥಾವರವನ್ನೇ ನೆಚ್ಚಿದ್ದ ಗುತ್ತಿಗೆ ಕಾರ್ಮಿಕರಿಗೆ, ಕಲ್ಲಿದ್ದಲು ಸಾಗಿಸುತ್ತಿದ್ದ ಲಾರಿಯವರಿಗೆ, ಗೇಟಿನ ಎದುರು ಊಟದ ಅಂಗಡಿ ಇಟ್ಟುಕೊಂಡಿದ್ದವರಿಗೆ ವರ್ಗಾವಣೆ ಎಂಬುದು ಇರಲಿಲ್ಲ. ಸೌರ ಫಲಕ ಕೂಡಿಸುವ ಕೆಲಸಕ್ಕೆ, ಕಂಟೇನರ್ ಮಾದರಿಯ ಮೈಕ್ರೋಗ್ರಿಡ್ (ಪುಟ್ಟ ಸ್ಥಳೀಯ ವಿದ್ಯುತ್ ಜಾಲ) ಜೋಡಿಸುವ ಕೆಲಸಕ್ಕೆ ತರಬೇತಿಯ ಏರ್ಪಾಡಾಯಿತು ನಿಜ. ಒಂದು ಊರಿನ ಅನ್ನಕ್ಕೆ ಅದು ಸಾಲಲಿಲ್ಲ. ಹಳೆಯ ಮನೆಯನ್ನು ಕೆಡಹುವ ಮುನ್ನ ಬಾಡಿಗೆಗಾದರೂ ಒಂದು ಸೂರು ನೋಡಿಕೊಳ್ಳುವುದು ನಮ್ಮ ಮನೆಗಳಲ್ಲಿ ಹಿರಿಯರು ಹೇಳಿಕೊಡುವ ಮೊದಲ ಪಾಠ. ನೂರಾರು ತಜ್ಞರು ಕುಳಿತು ಬರೆದ ಯೋಜನೆಯಲ್ಲಿ ಆ ಪಾಠ ಇರಲಿಲ್ಲ.

ಇದರ ಪರಿಣಾಮ ಕೊಮಾಟಿಯೊಂದಕ್ಕೇ ನಿಲ್ಲಲಿಲ್ಲ. ಅಲ್ಲಿ ಆದದ್ದನ್ನು ಕಂಡ ಮೇಲೆ ಹೆಂಡ್ರಿನಾ, ಕ್ಯಾಮ್ಡೆನ್, ಗ್ರೂಟ್‌ವ್ಲೆ ಊರುಗಳ ಜನ ತಮ್ಮ ಸ್ಥಾವರಗಳನ್ನು ಮುಚ್ಚಬೇಡಿ ಎಂದರೆ ಅದರಲ್ಲಿ ಆಶ್ಚರ್ಯವೇನಿದೆ? ಕತ್ತಲೆಯ ಭಯವೂ ಅದಕ್ಕೆ ಸೇರಿಕೊಂಡಿತು. 2023ರಲ್ಲಿ ಬಹುತೇಕ ಎಲ್ಲ ದಿನಗಳಲ್ಲಿಯೂ ಲೋಡ್ ಶೆಡ್ಡಿಂಗ್ ಇತ್ತು. ಎಸ್ಕಾಮಿನ ಆಡಳಿತ ಮಂಡಳಿ ಆ ಮೂರು ಸ್ಥಾವರಗಳನ್ನು ಮುಚ್ಚುವುದನ್ನು 2030ರವರೆಗೆ ಮುಂದೂಡಿತು. ಹೀಗೆ ಕಲ್ಲಿದ್ದಲು ಬೇಗ ನಿಲ್ಲಲಿ ಎಂದು ಬಂದ ಯೋಜನೆಯೇ ಕಲ್ಲಿದ್ದಲಿನ ಪರವಾದ ಜನಾಭಿಪ್ರಾಯಕ್ಕೆ ಬಲ ತುಂಬಿತು. ಸಾಲದ್ದಕ್ಕೆ, 2022ರಲ್ಲಿ ರಷ್ಯಾದ ಇಂಧನಕ್ಕೆ ಬೆನ್ನು ತಿರುಗಿಸಿದ ಯುರೋಪು, ದಕ್ಷಿಣ ಆಫ್ರಿಕಾದ ರಿಚರ್ಡ್ಸ್ ಬೇ ಬಂದರಿನಿಂದ ಹಿಂದಿಗಿಂತ ಹಲವು ಪಟ್ಟು ಕಲ್ಲಿದ್ದಲು ತರಿಸಿಕೊಂಡಿತು. ನಮಗೆ ಬೇಡವಾದ ಕಲ್ಲಿದ್ದಲು ಅವರಿಗೇಕೆ ಬೇಕು ಎಂದು ಮಪುಮಲಂಗದ ಗಣಿ ಕಾರ್ಮಿಕ ಕೇಳಿದರೆ ಆತನಿಗೆ ಉತ್ತರ ಹೇಳುವುದು ಸುಲಭವಲ್ಲ.

ಹಣದ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. 2022ರಲ್ಲಿ ದಕ್ಷಿಣ ಆಫ್ರಿಕಾ ಪ್ರಕಟಿಸಿದ ಹೂಡಿಕೆ ಯೋಜನೆಯ ಪ್ರಕಾರ ಐದು ವರ್ಷಗಳಿಗೆ ಬೇಕಾಗಿದ್ದದ್ದು ಸುಮಾರು 9,800 ಕೋಟಿ ಡಾಲರ್. ಬಂದ ಭರವಸೆ 850 ಕೋಟಿ. ಆ 850 ಕೋಟಿಯಲ್ಲಿ ನೇರ ಅನುದಾನ ಶೇ. 4ರಷ್ಟು ಮಾತ್ರ. ಉಳಿದದ್ದು ಕಡಿಮೆ ಬಡ್ಡಿಯ ಸಾಲ, ವಾಣಿಜ್ಯ ಸಾಲ ಮತ್ತು ಖಾತರಿ. ಕಡಿಮೆ ಬಡ್ಡಿಯ ಸಾಲವೂ ಉಪಕಾರವೇ, ಅಲ್ಲವೆನ್ನಲಾರೆ. ಆದರೆ ಡಾಲರಿನಲ್ಲಿಯೋ ಯೂರೋದಲ್ಲಿಯೋ ತಂದ ಸಾಲವನ್ನು ರ‍್ಯಾಂಡ್ ಗಳಿಸುವ ದೇಶ ತೀರಿಸಬೇಕು, ಮತ್ತು ರ‍್ಯಾಂಡ್ ಕುಸಿದಷ್ಟೂ ಸಾಲ ಬೆಳೆಯುತ್ತದೆ. 2025ರ ಮಾರ್ಚಿನಲ್ಲಿ ಅಮೆರಿಕ ಈ ಒಪ್ಪಂದದಿಂದಲೇ ಹೊರನಡೆಯಿತು. ನಡುವೆ ಬೇರೆ ದೇಶಗಳು ಸೇರಿದ್ದರಿಂದ ಒಟ್ಟು ಭರವಸೆಯ ಮೊತ್ತ 1,280 ಕೋಟಿ ಡಾಲರಿನಲ್ಲಿ ನಿಂತಿತು. ಒಂದು ದೇಶದ ಚುನಾವಣೆಯ ಫಲಿತಾಂಶ ಇನ್ನೊಂದು ದೇಶದ ವಿದ್ಯುತ್ ಯೋಜನೆಯನ್ನು ಅಲುಗಾಡಿಸುವಂತಿದ್ದರೆ ಆ ಯೋಜನೆಯನ್ನು ನಂಬಿ ಕುಳಿತವರ ಪಾಡೇನು?

ಹಾಗಾದರೆ ದಕ್ಷಿಣ ಆಫ್ರಿಕಾದಲ್ಲಿ ಏನೂ ಸುಧಾರಿಸಲಿಲ್ಲವೇ? ಸುಧಾರಿಸಿದೆ, ಮತ್ತು ಅದರಲ್ಲಿ ದೊಡ್ಡದಾದ ಭಾಗ ಅಲ್ಲಿನ ಸರ್ಕಾರದ ಸ್ವಂತ ನಿರ್ಧಾರಗಳಿಂದ ಆದದ್ದು. ಲೈಸೆನ್ಸ್ ಇಲ್ಲದೆ ಖಾಸಗಿಯವರು ಸ್ಥಾಪಿಸಬಹುದಾದ ಉತ್ಪಾದನೆಯ ಮಿತಿ ಮೊದಲು ಒಂದು ಮೆಗಾವಾಟ್ ಇತ್ತು. ಅಧ್ಯಕ್ಷ ಸಿರಿಲ್ ರಾಮಫೋಸಾ 2021ರಲ್ಲಿ ಅದನ್ನು 100 ಮೆಗಾವಾಟಿಗೆ ಏರಿಸಿದರು, ಮರುವರ್ಷ ಆ ಮಿತಿಯನ್ನೇ ತೆಗೆಯುವುದಾಗಿ ಸಾರಿದರು. ಕಾಯ್ದೆಯ ಪರಿಶಿಷ್ಟವೊಂದರ ತಿದ್ದುಪಡಿ ಅದು. ಅದಕ್ಕೆ ಡಾಲರ್ ಬೇಕಿರಲಿಲ್ಲ. ಎಸ್ಕಾಮಿನದೇ ಅಂದಾಜಿನಂತೆ ಚಾವಣಿಯ ಸೌರ ಫಲಕಗಳ ಸಾಮರ್ಥ್ಯ 2024ರ ವೇಳೆಗೆ 5,000 ಮೆಗಾವಾಟ್ ದಾಟಿತ್ತು. 2023ರಲ್ಲಿ ಖಜಾನೆ ಇಲಾಖೆ ಎಸ್ಕಾಮಿನ 25,400 ಕೋಟಿ ರ‍್ಯಾಂಡ್ ಸಾಲದ ಹೊರೆಯನ್ನು ಹೊತ್ತುಕೊಳ್ಳಲು ಒಪ್ಪಿತು, ಆದರೆ ಬಿಟ್ಟಿಯಾಗಿ ಅಲ್ಲ. ಷರತ್ತಿನ ಭಾಗವಾಗಿ ಜರ್ಮನಿಯ ವಿದ್ಯುತ್ ತಜ್ಞರ ಒಕ್ಕೂಟವೊಂದನ್ನು ಕರೆಸಿ ಕಲ್ಲಿದ್ದಲು ಸ್ಥಾವರಗಳನ್ನು ಒಂದೊಂದಾಗಿ ತಪಾಸಣೆ ಮಾಡಿಸಿತು. ಇದನ್ನು ನಾನು ನಿಜವಾದ ಸಹಕಾರ ಎಂದು ಕರೆಯುತ್ತೇನೆ: ರೋಗ ತನಗಿದೆ ಎಂದು ಒಪ್ಪಿಕೊಂಡ ಮನೆಯವರೇ ವೈದ್ಯರನ್ನು ಕರೆದಿದ್ದರು. 2024ರ ಮಾರ್ಚ್ ಕೊನೆಯಿಂದ ಮುಂದಿನ ಜನವರಿ ಕೊನೆಯವರೆಗೆ, 300ಕ್ಕೂ ಹೆಚ್ಚು ದಿನ, ಲೋಡ್ ಶೆಡ್ಡಿಂಗ್ ಇಲ್ಲದೆ ಕಳೆದವು. ಹಿಂದಿನ ವರ್ಷವನ್ನು ನೆನೆದರೆ ಇದು ಸಣ್ಣ ಸಾಧನೆಯಲ್ಲ. ಕಂಟ್ರೋಲ್ ರೂಮಿನಲ್ಲಿ ಕುಳಿತಿದ್ದ ಅಪರಿಚಿತ ಎಂಜಿನಿಯರುಗಳನ್ನು ನೆನೆದು ನನಗೆ ಅಂದು ಮನಸ್ಸು ತುಂಬಿ ಬಂದಿತ್ತು.

ಇನ್ನು ತಂತಿಯ ವಿಷಯ. ನನ್ನ ವೃತ್ತಿಯೇ ಅದಾದ್ದರಿಂದ ಇಲ್ಲಿ ತುಸು ನಿಲ್ಲುತ್ತೇನೆ. ದಕ್ಷಿಣ ಆಫ್ರಿಕಾದ ಕಲ್ಲಿದ್ದಲು ಈಶಾನ್ಯದಲ್ಲಿದೆ. ಒಳ್ಳೆಯ ಗಾಳಿ ಮತ್ತು ಬಿಸಿಲು ಇರುವುದು ಪಶ್ಚಿಮ, ದಕ್ಷಿಣದ ಕೇಪ್ ಪ್ರಾಂತ್ಯಗಳಲ್ಲಿ. ದಪ್ಪ ತಂತಿಗಳೆಲ್ಲ ಕಲ್ಲಿದ್ದಲಿನಿಂದ ಹೊರಟು ಜೋಹಾನ್ಸ್‌ಬರ್ಗಿನ ಕಡೆಗೆ ಹರಿಯುವಂತೆ ಕಟ್ಟಿದ ಜಾಲ ಅದು. 2022ರಲ್ಲಿ ನವೀಕರಿಸಬಹುದಾದ ಇಂಧನಕ್ಕೆ ಟೆಂಡರ್ ಕರೆದಾಗ ಪವನ ವಿದ್ಯುತ್ತಿಗೆ 3,200 ಮೆಗಾವಾಟ್ ಮೀಸಲಿಟ್ಟಿದ್ದರು. ಕೇಪ್ ಪ್ರಾಂತ್ಯಗಳ ಗ್ರಿಡ್ಡಿನಲ್ಲಿ ಜಾಗವೇ ಉಳಿದಿರದ ಕಾರಣ ಪವನ ವಿದ್ಯುತ್ತಿನ ಒಂದು ಯೋಜನೆಯೂ ಆಯ್ಕೆಯಾಗಲಿಲ್ಲ. ಗಾಳಿ ಇತ್ತು, ಹಣ ಹೂಡುವವರಿದ್ದರು, ಕೊಳ್ಳುವವರಿದ್ದರು. ನಡುವೆ ತಂತಿ ಇರಲಿಲ್ಲ. ಮುಂದಿನ ಹತ್ತು ವರ್ಷಗಳಲ್ಲಿ 14,000 ಕಿಲೋಮೀಟರಿಗೂ ಹೆಚ್ಚು ಹೊಸ ಪ್ರಸರಣ ಮಾರ್ಗ ಬೇಕೆಂದು ಅವರೇ ಲೆಕ್ಕ ಹಾಕಿದ್ದಾರೆ. ಒಂದು 400 ಕೆವಿ ಮಾರ್ಗ ಎಳೆಯಲು ಸರ್ವೆ, ಜಮೀನಿನ ಒಪ್ಪಿಗೆ, ಅರಣ್ಯದ ಅನುಮತಿ, ಟವರಿನ ಅಡಿಪಾಯ ಎಂದು ವರ್ಷಗಳೇ ಹಿಡಿಯುತ್ತವೆ ಎಂಬುದು ಈ ಕೆಲಸ ಮಾಡಿದ ಪ್ರತಿಯೊಬ್ಬನಿಗೂ ಗೊತ್ತು. ನೆರವಿನ ಮೊದಲ ಕಂತು ಇಲ್ಲಿಗೆ ಹೋಗಬೇಕಾಗಿತ್ತು. ಸ್ಥಾವರ ಮುಚ್ಚಿದ ದಿನ ಕ್ಯಾಮೆರಾಗಳು ಬರುತ್ತವೆ. ಟವರಿನ ಅಡಿಪಾಯಕ್ಕೆ ಕಾಂಕ್ರೀಟ್ ಹಾಕಿದ ದಿನ ಯಾರೂ ಬರುವುದಿಲ್ಲ.

ನಮ್ಮಲ್ಲಿ ಇದು ಬೇರೆ ರೀತಿ ನಡೆದ ಉದಾಹರಣೆಯಿದೆ. 2013ರಲ್ಲಿ ಜರ್ಮನಿಯು ಭಾರತದ ಹಸಿರು ಇಂಧನ ಕಾರಿಡಾರಿಗೆ 100 ಕೋಟಿ ಯೂರೋವರೆಗೆ ಸಾಲ ಕೊಡಲು ಒಪ್ಪಿತು. ಗಾಳಿ, ಬಿಸಿಲು ಹೇರಳವಾಗಿರುವ ಎಂಟು ರಾಜ್ಯಗಳಲ್ಲಿ ಮಾರ್ಗಗಳನ್ನು ಎಳೆಯುವ ಆ ಕಾರ್ಯಕ್ರಮದಲ್ಲಿ ಕರ್ನಾಟಕವೂ ಇತ್ತು. ಅಲ್ಲಿಯೂ ವಿಳಂಬಗಳಾದವು. ಆದರೂ ಯಾವ ಮಾರ್ಗ ಎಲ್ಲಿಂದ ಎಲ್ಲಿಗೆ ಬೇಕೆಂದು ಹೇಳಿದವರು ನಾವು, ಸಾಲ ಅದನ್ನು ಹಿಂಬಾಲಿಸಿ ಬಂತು. ಅದಕ್ಕೆ ಮುಂಚಿನ ಅನುಭವ ಹಾಗಿರಲಿಲ್ಲ. 1999ರಲ್ಲಿ ಕೆಇಬಿಯನ್ನು ನಿಗಮ ಮಾಡಿ, 2002ರಲ್ಲಿ ವಿತರಣೆಯನ್ನು ಎಸ್ಕಾಂಗಳಾಗಿ ಒಡೆದಾಗ ನಾವು ಕೇಳಿದ್ದು ವಿಶ್ವಬ್ಯಾಂಕ್ ಅಂದು ಎಲ್ಲ ಕಡೆ ಹೇಳುತ್ತಿದ್ದ ಒಂದೇ ಸೂತ್ರವನ್ನು: ಒಡೆಯಿರಿ, ನಿಯಂತ್ರಕರನ್ನು ನೇಮಿಸಿ, ಖಾಸಗಿಗೆ ಕೊಡಿ. ಮೊದಲೆರಡು ಆದವು, ಮೂರನೆಯದು ಇಲ್ಲಿ ಆಗಲಿಲ್ಲ. ಬೋರ್ಡು ಬದಲಾಯಿತು, ಪಂಪ್‌ಸೆಟ್ಟುಗಳಿಗೆ ಮೀಟರ್ ಬರಲಿಲ್ಲ. ಕೆಇಆರ್‌ಸಿ ಎಂಬ ನಿಯಂತ್ರಣ ಆಯೋಗ ಬಂದದ್ದು ಮಾತ್ರ ಒಳ್ಳೆಯದಾಯಿತೆಂದು ನಾನು ಇಂದಿಗೂ ಹೇಳುತ್ತೇನೆ, ಏಕೆಂದರೆ ದರ ಏರಿಕೆಯ ಲೆಕ್ಕವನ್ನು ಬಹಿರಂಗ ವಿಚಾರಣೆಯಲ್ಲಿ ಸಾಮಾನ್ಯ ಗ್ರಾಹಕನೂ ಎದ್ದು ನಿಂತು ಪ್ರಶ್ನಿಸುವಂತಾಯಿತು.

ದಕ್ಷಿಣ ಆಫ್ರಿಕಾ ಈಗ ಅದೇ ಹೊಸ್ತಿಲಿನಲ್ಲಿದೆ. 2024ರ ಜುಲೈ 1ರಂದು ಪ್ರಸರಣಕ್ಕೆಂದೇ ಪ್ರತ್ಯೇಕ ರಾಷ್ಟ್ರೀಯ ಕಂಪನಿ ಕೆಲಸ ಆರಂಭಿಸಿತು. ಹೊಸ ವಿದ್ಯುತ್ ಕಾಯ್ದೆ 2025ರ ಜನವರಿಯಿಂದ ಜಾರಿಗೆ ಬಂದಿದೆ. ನಗರಸಭೆಗಳು ಎಸ್ಕಾಮಿಗೆ ಕಟ್ಟಬೇಕಾದ ಬಾಕಿ ಸುಮಾರು 10,000 ಕೋಟಿ ರ‍್ಯಾಂಡ್ ಮುಟ್ಟಿದೆ, ಅದನ್ನು ಯಾವ ವಿದೇಶಿ ಸಾಲವೂ ಗುಣಪಡಿಸದು. ಆದರೆ ಮಾರ್ಗ ಕಟ್ಟಲು ಮುಂದೆ ಬರುವ ಖಾಸಗಿಯವರಿಗೆ ಹಣ ಮುಳುಗದೆಂಬ ಭರವಸೆ ಕೊಡಲು ಸಾಲ ಖಾತರಿ ಸಂಸ್ಥೆಯೊಂದನ್ನು ವಿಶ್ವಬ್ಯಾಂಕಿನ ನೆರವಿನಿಂದ ರೂಪಿಸಲಾಗುತ್ತಿದೆ. ಐದು ವರ್ಷ ತಡವಾದರೂ ಇದು ಸರಿಯಾದ ಜಾಗಕ್ಕೆ ಬಂದ ಸಹಕಾರ. ಸ್ಪರ್ಧಾತ್ಮಕ ಟೆಂಡರಿನ ಮೂಲಕ ಪ್ರಸರಣ ಮಾರ್ಗ ಕಟ್ಟಿಸಿದ ಅನುಭವ ಭಾರತಕ್ಕೆ ಬೇಕಾದಷ್ಟಿದೆ. ಅದನ್ನು ಅವರೊಂದಿಗೆ ಹಂಚಿಕೊಳ್ಳಲು ನಮ್ಮವರು ಹೋಗಬೇಕು, ಹೋಗುವಾಗ ನಮ್ಮ ತಪ್ಪುಗಳ ಪಟ್ಟಿಯನ್ನೂ ಒಯ್ಯಬೇಕು.

ಬರುವಾಗ ಅವರು ಕೊಮಾಟಿಯನ್ನೂ ನೋಡಿ ಬರಲಿ. ಶಕ್ತಿನಗರದಲ್ಲಿ ರಾಯಚೂರು ಸ್ಥಾವರದ ಮೊದಲ ಘಟಕ ಶುರುವಾಗಿದ್ದು 1985ರಲ್ಲಿ. ಅದರ ಚಿಮಣಿಯ ಕೆಳಗೆ, ಹಾರುಬೂದಿಯ ನಡುವೆ, ಎರಡು ತಲೆಮಾರಿನ ಗುತ್ತಿಗೆ ಕಾರ್ಮಿಕರು ಬದುಕು ಕಟ್ಟಿಕೊಂಡಿದ್ದಾರೆ. ಆ ಘಟಕಗಳು ಒಂದೊಂದಾಗಿ ನಿಲ್ಲುವ ದಿನ ದೂರವಿಲ್ಲ, ಮತ್ತು ಗೇಟ್ ಪಾಸ್ ಹಿಡಿದು ದಿನಾ ಒಳಗೆ ಹೋಗುವ ಆ ಜನರ ಲೆಕ್ಕವನ್ನು ಈಗಲೇ, ಘಟಕಗಳು ಓಡುತ್ತಿರುವಾಗಲೇ ಬರೆದಿಡಬೇಕಾಗಿದೆ.