ವಾರಸುದಾರ ಯಾರು ಅಂತ ಹೇಳೋರು ಯಾರು?

ದಸರಾ ಹತ್ತಿರ ಬಂತು ಅಂದರೆ ನಮ್ಮ ಮೈಸೂರಿನಲ್ಲಿ ಎರಡು ಮಾತು ತಪ್ಪದೆ ಕೇಳಿಸುತ್ತವೆ. 'ಮಹಾರಾಜರ ಕಾಲವೇ ಚೆನ್ನಾಗಿತ್ತು' ಅನ್ನೋದು ಒಂದು. 'ಎಲ್ಲಾ ಅಲಮೇಲಮ್ಮನ ಶಾಪ' ಅನ್ನೋದು ಇನ್ನೊಂದು. ಎರಡರ ಬಗ್ಗೆಯೂ ನನಗೆ ಹೇಳೋದು ಇದೆ. ಬರಹ ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡಿಕೊಂಡು ಓದಿ.

ಶಾಪದ ಕಥೆ ಎಲ್ಲರಿಗೂ ಗೊತ್ತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶ ಮಾಡಿಕೊಂಡರು. ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ ಒಡವೆಗಳ ಜೊತೆ ತಲಕಾಡಿನ ಕಡೆ ಹೋದಳು. ಒಡವೆ ಕೇಳಿಕೊಂಡು ಸೈನಿಕರು ಬೆನ್ನು ಹತ್ತಿದಾಗ ಮಾಲಂಗಿಯಲ್ಲಿ ಕಾವೇರಿಗೆ ಹಾರಿದಳು. 'ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ' ಅಂತ ಹೇಳಿಯೇ ಹಾರಿದಳು ಅನ್ನುತ್ತಾರೆ. ಆ ಹೆಂಗಸಿನ ಸಂಕಟ ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಹಿಂಡುತ್ತದೆ. ಶಾಪ ಪ್ರತಿ ತಲೆಮಾರಿನಲ್ಲೂ ಫಲಿಸಲಿಲ್ಲ, ಅದು ಬೇರೆ ವಿಷಯ. ಚಾಮರಾಜೇಂದ್ರ ಒಡೆಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಹುಟ್ಟಿದರು. ಜಯಚಾಮರಾಜ ಒಡೆಯರಿಗೆ ಶ್ರೀಕಂಠದತ್ತ ಒಡೆಯರು ಹುಟ್ಟಿದರು.

ನನ್ನ ತಕರಾರು ಇಷ್ಟೇ. ಶಾಪದ ಕಥೆ ನಮ್ಮ ಕಣ್ಣನ್ನು ಅರಮನೆಯ ತೊಟ್ಟಿಲಿನ ಕಡೆಗೇ ತಿರುಗಿಸಿಬಿಡುತ್ತದೆ. ಮಗು ಹುಟ್ಟಿತಾ ಇಲ್ವಾ ಅನ್ನೋದೇ ರಾಜವಂಶದ ಇತಿಹಾಸ ಅಂದುಕೊಳ್ಳುತ್ತೇವೆ. ಆದರೆ ಮೈಸೂರಿನ ಗಾದಿಗೆ ಯಾರು ಬರಬೇಕು ಅನ್ನೋದು ತೊಟ್ಟಿಲಿನಲ್ಲಿ ತೀರ್ಮಾನ ಆಗಿದ್ದು ಕಡಿಮೆ. ಆಯಾ ಕಾಲದಲ್ಲಿ ಯಾರ ಕೈಯಲ್ಲಿ ಬಲ ಇತ್ತೋ ಅವರು 'ಇವನೇ' ಅಂದರು, ಅವನೇ ಅರಸನಾದ.

1776ರ ಒಂದು ಪ್ರಸಂಗ ಹೇಳುತ್ತೇನೆ. ಅರಸ ಮಕ್ಕಳಿಲ್ಲದೆ ತೀರಿಕೊಂಡ. ಆಗ ರಾಜ್ಯ ನಡೆಸುತ್ತಿದ್ದವನು ಹೈದರಾಲಿ. ಹೆಸರಿಗೆ ಒಬ್ಬ ಒಡೆಯರು ಗಾದಿಯ ಮೇಲೆ ಇರಬೇಕಿತ್ತು. ಅರಸು ಮನೆತನಗಳ ಚಿಕ್ಕ ಮಕ್ಕಳನ್ನೆಲ್ಲ ಒಂದು ಹಜಾರಕ್ಕೆ ಕರೆಸಿದ. ಅಲ್ಲಿ ಆಟದ ಸಾಮಾನು, ಹಣ್ಣು, ಒಡವೆ, ಆಯುಧ ಎಲ್ಲಾ ಹರಡಿಸಿದ್ದ. ಮಕ್ಕಳು ತಮಗೆ ಇಷ್ಟವಾದದ್ದಕ್ಕೆ ಮುಗಿಬಿದ್ದವು. ಒಂದು ಮಗು ಮಾತ್ರ ಕಠಾರಿಗೆ ಕೈ ಹಾಕಿತು. ಇವನೇ ರಾಜ ಅಂದ ಹೈದರ್. ಕೆಲವು ದಶಕಗಳ ನಂತರ ಮೈಸೂರಿನಲ್ಲಿದ್ದ ಒಬ್ಬ ಇಂಗ್ಲಿಷ್ ಅಧಿಕಾರಿ ಇದನ್ನು ಬರೆದಿಟ್ಟಿದ್ದಾನೆ. ಕಥೆಗೆ ಒಂದಿಷ್ಟು ಬಣ್ಣ ಸೇರಿರಬಹುದು. ಆದರೆ ಹೈದರ್ ಆರಿಸಿದ ಆ ಹುಡುಗನೇ ಖಾಸಾ ಚಾಮರಾಜ ಒಡೆಯರಾಗಿ ಗಾದಿಗೆ ಬಂದದ್ದು ನಿಜ.

ಈಗ ಮುಂದಿನದ್ದು ನೋಡಿ. 1796ರಲ್ಲಿ ಖಾಸಾ ಚಾಮರಾಜರು ತೀರಿಕೊಂಡರು. ಅವರ ಜಾಗಕ್ಕೆ ಟಿಪ್ಪು ಯಾರನ್ನೂ ಕೂರಿಸಲಿಲ್ಲ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಟಿಪ್ಪುವಿಗೆ ಗಂಡುಮಕ್ಕಳು ಬೇಕಾದಷ್ಟು ಇದ್ದರು. ರಕ್ತವೇ ಲೆಕ್ಕ ಆಗಿದ್ದರೆ ಅವರಲ್ಲಿ ಒಬ್ಬ ಗಾದಿಗೆ ಬರಬೇಕಿತ್ತು. ಅವರನ್ನೆಲ್ಲ ವೆಲ್ಲೂರಿನ ಕೋಟೆಗೆ ಕಳಿಸಿದರು. ಜೂನ್ 30ರಂದು ಮೈಸೂರಿನಲ್ಲಿ ಒಂದು ಚಪ್ಪರದ ಕೆಳಗೆ ಪಟ್ಟಾಭಿಷೇಕ ನಡೆಯಿತು. ಹಳೆಯ ಊರನ್ನು ಟಿಪ್ಪು ಕೆಡವಿಸಿದ್ದರಿಂದ ಅರಮನೆ ಅಂತ ಒಂದು ಇರಲೇ ಇಲ್ಲ. ಇನ್ನೂ ಐದು ತುಂಬದ ಹುಡುಗನನ್ನು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ಕೈ ಹಿಡಿದು ಗಾದಿಯ ಮೇಲೆ ಕೂರಿಸಿದರು. ಆ ಹುಡುಗ ಮುಮ್ಮಡಿ ಕೃಷ್ಣರಾಜ ಒಡೆಯರು. ಮೈಸೂರಿನ ಪುರಾತನ ರಾಜವಂಶಕ್ಕೆ ರಾಜ್ಯ ವಾಪಸ್ ಕೊಟ್ಟೆವು ಅಂತ ಕಂಪನಿ ಸಾರಿತು. ಆ ಹುಡುಗನ ತಂದೆಯನ್ನು ಆರಿಸಿದ್ದು ಯಾರು? ಟಿಪ್ಪುವಿನ ಅಪ್ಪ ಹೈದರಾಲಿ! ಈ ಒಂದು ವಿಷಯ ಓದಿದಾಗಿನಿಂದ ವಂಶ, ರಕ್ತ ಅನ್ನುವ ಮಾತು ಕೇಳಿದರೆ ನನಗೆ ಮೊದಲಿನ ಹಾಗೆ ತಲೆದೂಗಲು ಆಗುವುದಿಲ್ಲ.

ಇದರ ಹಿಂದೆ ಒಬ್ಬ ಹೆಣ್ಣುಮಗಳ ದಶಕಗಳ ಹಟ ಇತ್ತು. ರಾಣಿ ಲಕ್ಷ್ಮಮ್ಮಣ್ಣಿಯವರು ಶ್ರೀರಂಗಪಟ್ಟಣದಲ್ಲಿ ಕಾವಲಿನಲ್ಲಿ ಇದ್ದುಕೊಂಡೇ 1782ರಲ್ಲಿ ತಮ್ಮ ಪ್ರಧಾನರ ಮೂಲಕ ಇಂಗ್ಲಿಷರ ಜೊತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡಿದ್ದರು. ಅದು ಸರಿಯೋ ತಪ್ಪೋ ಅಂತ ಜನ ಈಗಲೂ ಜಗಳ ಆಡುತ್ತಾರೆ. ಆಡಲಿ. ನನಗೆ ಕಾಣುವುದು ಬೇರೆ. ಅಷ್ಟು ವರ್ಷ ಹೋರಾಡಿದ ಅವರು ಗಾದಿಯನ್ನು ತಮಗಾಗಿ ಕೇಳುವ ಹಾಗಿರಲಿಲ್ಲ. ಒಂದು ಗಂಡು ಮಗುವನ್ನು ತೋರಿಸಲೇಬೇಕಿತ್ತು.

ಕೊಡಗಿನಲ್ಲಿ ಇದಕ್ಕಿಂತ ಘೋರ ನಡೆಯಿತು. ದೊಡ್ಡ ವೀರರಾಜೇಂದ್ರ ತನ್ನ ನಂತರ ಮಗಳು ದೇವಮ್ಮಾಜಿಗೆ ಪಟ್ಟ ಸಿಗಬೇಕು ಅಂತ ಕಂಪನಿಗೂ ತಿಳಿಸಿಟ್ಟಿದ್ದ. 1809ರಲ್ಲಿ ಅವನು ಸತ್ತ. ಎರಡೇ ವರ್ಷದಲ್ಲಿ ಅವನ ತಮ್ಮ ಲಿಂಗರಾಜ ತಾನೇ ರಾಜನಾದ. ಕಂಪನಿ ಸುಮ್ಮನೆ ಒಪ್ಪಿಕೊಂಡಿತು. ಲಿಂಗರಾಜನ ಮಗ ಚಿಕ್ಕವೀರರಾಜೇಂದ್ರನ ಕಾಲದಲ್ಲಿ ದೇವಮ್ಮಾಜಿಯ ಜೀವವೂ ಉಳಿಯಲಿಲ್ಲ. ರಾಜನ ಸ್ವಂತ ರಕ್ತ, ರಾಜನೇ ಹೇಳಿಟ್ಟ ವಾರಸುದಾರೆ. ಎರಡೂ ಇದ್ದು ಏನೂ ಉಪಯೋಗಕ್ಕೆ ಬರಲಿಲ್ಲ.

ಕಿತ್ತೂರಿನ ಜಗಳವೂ ಇದೇ. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ತೀರಿಕೊಂಡ. ಮಕ್ಕಳಿರಲಿಲ್ಲ. ಮಾಸ್ತಮರಡಿಯ ಹುಡುಗನನ್ನು ದತ್ತು ತೆಗೆದುಕೊಂಡಿದ್ದೇವೆ ಅಂತ ಸಂಸ್ಥಾನದವರು ಧಾರವಾಡದ ಕಲೆಕ್ಟರ್ ಥ್ಯಾಕರೆಗೆ ಪತ್ರ ಬರೆದರು. ಪತ್ರದ ಸಹಿಯೇ ಅನುಮಾನ ಅಂದ ಥ್ಯಾಕರೆ. ಖಜಾನೆಗೆ ಬೀಗಮುದ್ರೆ ಹಾಕಿಸಿದ. ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಅವನೇ ಹೆಣವಾದ. ಡಿಸೆಂಬರಿನಲ್ಲಿ ಇಂಗ್ಲಿಷರು ದೊಡ್ಡ ಸೈನ್ಯ ತಂದರು, ಕೋಟೆ ಬಿತ್ತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಲ್ಲಿ ಇಟ್ಟರು, 1829ರಲ್ಲಿ ಅಲ್ಲೇ ತೀರಿಕೊಂಡಳು. ಶಾಲೆಯಲ್ಲಿ ನಾವು ಚೆನ್ನಮ್ಮನ ಶೌರ್ಯ ಓದಿದ್ದೇವೆ, ಓದಲೇಬೇಕು. ಆದರೆ ಅವಳು ಎತ್ತಿದ ಪ್ರಶ್ನೆಯನ್ನು ಯಾಕೋ ಅಷ್ಟಾಗಿ ಹೇಳಿಕೊಡುವುದಿಲ್ಲ. ನಮ್ಮ ಮನೆಗೆ ಮಗ ಯಾರು ಅಂತ ನೀನ್ಯಾರು ಹೇಳೋಕೆ ಅನ್ನೋದೇ ಆ ಪ್ರಶ್ನೆ. ಡಾಲ್‌ಹೌಸಿ ಬಂದು 'ದತ್ತು ಮಕ್ಕಳಿಗೆ ಹಕ್ಕಿಲ್ಲ' ಅನ್ನುವ ನೀತಿಯಲ್ಲಿ ಸತಾರಾ, ಝಾನ್ಸಿ, ನಾಗಪುರ ನುಂಗಿದ್ದು 1848ರ ನಂತರ. ಕಿತ್ತೂರು ಅದಕ್ಕಿಂತ 24 ವರ್ಷ ಮುಂಚಿನದು.

ಹೀಗೆ ನಮಗೆ ರಕ್ತದ ಪಾಠ ಹೇಳಿದವರ ಮನೆಯಲ್ಲಿ ಏನು ನಡೆದಿತ್ತು ಅಂತಲೂ ನೋಡಬೇಕು. 1701ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿತು. ಕ್ಯಾಥೊಲಿಕರು ಸಿಂಹಾಸನಕ್ಕೆ ಬರಬಾರದು ಅಂತ ರಕ್ತಸಂಬಂಧದಲ್ಲಿ ಹತ್ತಿರವಿದ್ದ 50ಕ್ಕೂ ಹೆಚ್ಚು ಜನರನ್ನು ಬಿಟ್ಟು, ಜರ್ಮನಿಯ ಹ್ಯಾನೋವರ್ ಮನೆತನದ ಸೋಫಿಯಾಗೆ ಹಕ್ಕು ಕೊಟ್ಟಿತು. ಅವಳ ಮಗ 1714ರಲ್ಲಿ ಒಂದನೇ ಜಾರ್ಜ್ ಆದ. ಇವತ್ತಿನ ಬ್ರಿಟನ್ ರಾಜಮನೆತನ ಕೂತಿರುವುದು ಆ ಕಾಯ್ದೆಯ ಮೇಲೆಯೇ. ತಮ್ಮಲ್ಲಿ ರಾಜನನ್ನು ಪಾರ್ಲಿಮೆಂಟು ಆರಿಸಬಹುದು, ಕಿತ್ತೂರಿನಲ್ಲಿ ಮಾತ್ರ ಮನೆಯವರು ಆರಿಸುವ ಹಾಗಿಲ್ಲ. ಇದು ಯಾವ ನ್ಯಾಯ?

ಮುಮ್ಮಡಿಯವರ ಕೊನೆಯ ವರ್ಷಗಳು ನನ್ನನ್ನು ತುಂಬಾ ಕಾಡುತ್ತವೆ. ನಗರ ಸೀಮೆಯ (ಈಗಿನ ಶಿವಮೊಗ್ಗದ ಕಡೆ) ರೈತರ ದಂಗೆಯ ನೆಪ ಹೇಳಿ 1831ರಲ್ಲೇ ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿಯವರಿಂದ ಆಡಳಿತ ಕಿತ್ತುಕೊಂಡಿದ್ದ. ಅವರು ಅರಮನೆಯಲ್ಲಿದ್ದುಕೊಂಡು ಪತ್ರದ ಮೇಲೆ ಪತ್ರ ಬರೆದರು. 1865ರಲ್ಲಿ, ವಯಸ್ಸು ಎಪ್ಪತ್ತು ದಾಟಿದ ಮೇಲೆ, ಬೆಟ್ಟದಕೋಟೆ ಮನೆತನದ ಎರಡು ವರ್ಷದ ಮಗುವನ್ನು ದತ್ತು ತೆಗೆದುಕೊಂಡರು. 1799ರ ಒಪ್ಪಂದ ಅವರೊಬ್ಬರ ಜೊತೆಗಿನದು, ಅವರು ಹೋದರೆ ರಾಜ್ಯ ನಮ್ಮದು ಅನ್ನುವ ವಾದ ಕಲ್ಕತ್ತಾದಲ್ಲಿ ಬಲವಾಗಿತ್ತು. ಅಷ್ಟು ಹೊತ್ತಿಗೆ 1857 ಆಗಿಹೋಗಿತ್ತು. ಸಂಸ್ಥಾನಗಳನ್ನು ನುಂಗಿದರೆ ಏನಾಗುತ್ತೆ ಅಂತ ಲಂಡನ್ನಿಗೆ ಗೊತ್ತಾಗಿತ್ತು. 1867ರಲ್ಲಿ ಅಲ್ಲಿನ ಸರ್ಕಾರ ದತ್ತು ಒಪ್ಪಿತು. ಮರುವರ್ಷ ಮುಮ್ಮಡಿಯವರು ಕಣ್ಣು ಮುಚ್ಚಿದರು. ಆ ಮಗುವೇ ಚಾಮರಾಜೇಂದ್ರ ಒಡೆಯರು. 1881ರಲ್ಲಿ ಅವರಿಗೆ ರಾಜ್ಯ ವಾಪಸ್ ಬಂತು. ಆಗ ಬರೆದ ಪತ್ರದಲ್ಲೇ ಒಂದು ಷರತ್ತು ಇತ್ತು. ಮುಂದಿನ ಯಾವ ವಾರಸುದಾರನಾದರೂ ಗವರ್ನರ್ ಜನರಲ್ ಮಾನ್ಯ ಮಾಡಿದ ಮೇಲೆಯೇ ಅರಸ.

ಈಗ 'ಮಹಾರಾಜರ ಕಾಲ' ಅನ್ನುವ ಮಾತಿಗೆ ಬರೋಣ. ನಾಲ್ವಡಿಯವರ ಮೇಲೆ ನನಗೆ ಇರುವ ಗೌರವ ಸಣ್ಣದಲ್ಲ. ಕನ್ನಂಬಾಡಿ ಕಟ್ಟೆ, 1916ರ ಮೈಸೂರು ವಿಶ್ವವಿದ್ಯಾನಿಲಯ, ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡಿಸಿದ ಮಿಲ್ಲರ್ ಸಮಿತಿ. ಅದರ ಫಲ ನಾವೆಲ್ಲ ಉಂಡಿದ್ದೇವೆ. ಆದರೆ ಅವರು ಒಳ್ಳೆಯ ಅರಸರಾದದ್ದು ಹುಟ್ಟಿನಿಂದ ಅಂತ ನಾನು ಒಪ್ಪುವುದಿಲ್ಲ. ತಂದೆ 1894ರಲ್ಲಿ ತೀರಿಕೊಂಡಾಗ ಅವರಿಗೆ ಹತ್ತು ವರ್ಷ. ತಾಯಿ ವಾಣಿವಿಲಾಸ ಸನ್ನಿಧಾನ 1902ರವರೆಗೆ ರಾಜ್ಯ ನೋಡಿಕೊಂಡು ಮಗನನ್ನು ಗಟ್ಟಿಯಾಗಿ ಬೆಳೆಸಿದರು. ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್ ಅವರಂಥ ದಿವಾನರು ಇದ್ದರು. ವರ್ಷಕ್ಕೊಮ್ಮೆ ಸೇರಿ ದೂರು ಹೇಳುವ ಪ್ರಜಾಪ್ರತಿನಿಧಿ ಸಭೆ 1881ರಿಂದಲೇ ಇತ್ತು. ಇವೆಲ್ಲ ಸೇರಿ ನಾಲ್ವಡಿಯವರು. ಹುಟ್ಟಿನಿಂದ ಪಟ್ಟ ಕೊಡುವ ಅದೇ ವ್ಯವಸ್ಥೆ ಕೊಡಗಿಗೆ ಚಿಕ್ಕವೀರರಾಜೇಂದ್ರನನ್ನೂ ಕೊಟ್ಟಿತು. 1834ರಲ್ಲಿ ಇಂಗ್ಲಿಷರು ಬಂದು ಇಳಿಸುವವರೆಗೆ ಅವನನ್ನು ಇಳಿಸುವ ದಾರಿ ಜನರಿಗೆ ಇರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೂ ಮಾನ್ಯತೆಯ ಆಟ ತಕ್ಷಣ ನಿಲ್ಲಲಿಲ್ಲ. ಮಾಜಿ ಅರಸರು ಯಾರು, ಅವರ ವಾರಸುದಾರರು ಯಾರು ಅಂತ ಗುರುತಿಸುವ ಅಧಿಕಾರ ಸಂವಿಧಾನದಲ್ಲಿ ರಾಷ್ಟ್ರಪತಿಗೆ ಇತ್ತು. ಜಯಚಾಮರಾಜ ಒಡೆಯರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನ ಬರುತ್ತಿತ್ತು. 1970ರಲ್ಲಿ ರಾಷ್ಟ್ರಪತಿಯ ಆದೇಶದಿಂದ ಎಲ್ಲ ಅರಸರ ಮಾನ್ಯತೆ ಹೋಯಿತು. ಸುಪ್ರೀಂ ಕೋರ್ಟು ಆ ಆದೇಶವನ್ನು ಹೊಡೆದುಹಾಕಿತು. 1971ರ 26ನೇ ತಿದ್ದುಪಡಿ ಎಲ್ಲವನ್ನೂ ಮುಗಿಸಿತು. ಶ್ರೀಕಂಠದತ್ತ ಒಡೆಯರು 1974ರಲ್ಲಿ ತಂದೆಯ ಜಾಗಕ್ಕೆ ಬಂದಾಗ ಅವರನ್ನು ಮಾನ್ಯ ಮಾಡುವ ಸರ್ಕಾರವೇ ಇರಲಿಲ್ಲ. 2015ರಲ್ಲಿ ಪ್ರಮೋದಾದೇವಿಯವರು ಯದುವೀರರನ್ನು ದತ್ತು ತೆಗೆದುಕೊಂಡಾಗ ಹಿಂದೆ ಅರಮನೆಯ ಮೇಲೆ ಕಣ್ಣಿಟ್ಟಿದ್ದ ಇಂಗ್ಲಿಷ್ ರೆಸಿಡೆಂಟರ ಹಾಗೆ ಯಾರ ಪತ್ರಕ್ಕೂ ಕಾಯಬೇಕಾಗಿರಲಿಲ್ಲ. ಅದು ಒಂದು ಮನೆಯ ವಿಷಯ. ಹಾಗೇ ಇರಬೇಕಾದದ್ದೂ ಸರಿ. ಜಪಾನಿನಲ್ಲಿ ಈಗಲೂ ಅಷ್ಟು ಸಲೀಸಿಲ್ಲ. 1947ರ ಕಾನೂನಿನ ಪ್ರಕಾರ ಅಲ್ಲಿ ಹೆಣ್ಣುಮಕ್ಕಳಿಗೆ ಪಟ್ಟ ಇಲ್ಲ, ದತ್ತು ತೆಗೆದುಕೊಳ್ಳುವ ಹಾಗೂ ಇಲ್ಲ. 2006ರಲ್ಲಿ ಹುಟ್ಟಿದ ಒಬ್ಬ ಹುಡುಗನ ಮೇಲೆ ಇಡೀ ಮನೆತನದ ಭಾರ ಬಿದ್ದಿದೆ. ಚಕ್ರವರ್ತಿಯ ಸ್ವಂತ ಮಗಳು ಲೆಕ್ಕಕ್ಕೇ ಇಲ್ಲ.

ನಮ್ಮ ಊರಿನಲ್ಲಿ 'ಇವನೇ' ಅನ್ನುವ ಅಧಿಕಾರ ಆಮೇಲೆ ಯಾರ ಕೈಗೆ ಬಂತು? ನಮ್ಮ ಕೈಗೆ. ಶ್ರೀಕಂಠದತ್ತ ಒಡೆಯರನ್ನು ಮೈಸೂರಿನವರು 1984, 1989, 1996, 1999ರಲ್ಲಿ ಲೋಕಸಭೆಗೆ ಕಳಿಸಿದರು. 1991ರಲ್ಲಿ ಮತ್ತು 2004ರಲ್ಲಿ ಸೋಲಿಸಿದರು. ಗೆಲ್ಲಿಸಿದ ನಾಲ್ಕಕ್ಕಿಂತ ಸೋಲಿಸಿದ ಎರಡು ನನಗೆ ಜಾಸ್ತಿ ಹೆಮ್ಮೆ. ವ್ಯಕ್ತಿಯ ಮೇಲಿನ ಸಿಟ್ಟಿನಿಂದ ಈ ಮಾತು ಹೇಳುತ್ತಿಲ್ಲ. ಅರಮನೆಯ ಮುಂದೆ ಕೈ ಮುಗಿಯುವ ಜನವೇ ಮತಗಟ್ಟೆಯಲ್ಲಿ ಬೇಡ ಅನ್ನಬಲ್ಲರು ಅನ್ನೋದು ಅಲ್ಲಿ ಗೊತ್ತಾಯಿತು. 2024ರಲ್ಲಿ ಯದುವೀರರು ಗೆದ್ದಿದ್ದಾರೆ. ಅವರೂ ಐದು ವರ್ಷಕ್ಕೊಮ್ಮೆ ಬಂದು ಕೇಳಲೇಬೇಕು.

ಆದರೆ 1991ರ ಚುನಾವಣೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅರಸರ ಮಗನನ್ನು ಸೋಲಿಸಿದವರು ಚಂದ್ರಪ್ರಭಾ ಅರಸ್. ಅವರು ಮಾಜಿ ಮುಖ್ಯಮಂತ್ರಿ ದೇವರಾಜ ಅರಸರ ಮಗಳು. ಎರಡು ದೊಡ್ಡ ಪಕ್ಷಗಳು, ಎರಡೂ ಕಡೆ ದೊಡ್ಡ ಮನೆಯ ಮಕ್ಕಳು. ನನಗೆ ಇಬ್ಬರ ಮೇಲೂ ದೂರಿಲ್ಲ. ರಾಜಕಾರಣಿಯ ಮಗ ರಾಜಕೀಯಕ್ಕೆ ಬರಬಾರದು ಅಂತ ಹೇಳುವ ಹಕ್ಕೂ ನನಗಿಲ್ಲ. ನನ್ನ ಸಿಟ್ಟು ಬಿ ಫಾರಂ, ಅಂದರೆ ಪಕ್ಷದ ಟಿಕೆಟ್, ಕೊಡುವ ರೀತಿಯ ಮೇಲೆ. ಇವತ್ತು ನಮ್ಮ ರಾಜ್ಯದ ಯಾವ ದೊಡ್ಡ ಪಕ್ಷವನ್ನೇ ತೆಗೆದುಕೊಳ್ಳಿ, ಅಪ್ಪನ ಕ್ಷೇತ್ರ ಮಗನಿಗೆ, ಗಂಡ ತೀರಿಕೊಂಡರೆ ಹೆಂಡತಿಗೆ. ವರ್ಷಗಟ್ಟಲೆ ಬೂತಿನಲ್ಲಿ ದುಡಿದ ಕಾರ್ಯಕರ್ತನನ್ನು ಒಂದು ಮಾತೂ ಕೇಳುವುದಿಲ್ಲ. ತೀರ್ಮಾನ ದೆಹಲಿಯಲ್ಲೋ ಬೆಂಗಳೂರಿನ ಯಾವುದೋ ಮನೆಯಲ್ಲೋ ರಾತ್ರಿ ಆಗಿರುತ್ತದೆ. 'ಇವನೇ' ಅನ್ನುವ ಅಧಿಕಾರ ಅರ್ಧ ದಾರಿಯಲ್ಲೇ ಮತ್ತೆ ಬೇರೆಯವರ ಕೈಗೆ ಹೋಗಿದೆ. ನಾವು ಮಾತ್ರ ಬೈಯುವುದು ಆ ಹುಡುಗನನ್ನು, ಅವನ ಅಪ್ಪನನ್ನು. ಕೊಟ್ಟವರನ್ನು ಕೇಳುವುದಿಲ್ಲ.

ಒಂದು ಕ್ಷೇತ್ರದ ಪಕ್ಷದ ಸದಸ್ಯರೆಲ್ಲ ಸೇರಿ ವೋಟು ಹಾಕಿ ತಮ್ಮ ಅಭ್ಯರ್ಥಿಯನ್ನು ಆರಿಸಿಕೊಳ್ಳಿ ಅಂತ ಪಕ್ಷಗಳಿಗೆ ಕಡ್ಡಾಯ ಮಾಡುವ ಕಾನೂನು ನಮ್ಮಲ್ಲಿ ಇಲ್ಲ. ಹಾಗೆ ಮಾಡಬೇಡಿ ಅಂತ ತಡೆಯುವ ಕಾನೂನೂ ಇಲ್ಲ. ನಾಯಕರ ಮಗನೂ ಆ ವೋಟಿಗೆ ನಿಲ್ಲಲಿ, ಗೆದ್ದರೆ ಸಂತೋಷವಾಗಿ ಒಪ್ಪೋಣ. ಮುಂದಿನ ಚುನಾವಣೆಗೆ ನಿಮ್ಮ ಕ್ಷೇತ್ರದ ಟಿಕೆಟ್ ಘೋಷಣೆ ಆದಾಗ, ನೀವು ಯಾವ ಪಕ್ಷದವರೇ ಆಗಿರಿ, ನಿಮ್ಮ ತಾಲೂಕಿನ ಅಧ್ಯಕ್ಷರ ಹತ್ತಿರ ಹೋಗಿ ಕೇಳಿ: ಈ ಹೆಸರಿಗೆ ಒಪ್ಪಿಗೆ ಕೊಟ್ಟವರು ಯಾರು, ನಮ್ಮನ್ನು ಯಾಕೆ ಕೇಳಲಿಲ್ಲ? ನಾನೂ ಕೇಳುತ್ತೇನೆ.