ಸ್ಪಷ್ಟನೆ: ‘ಎಂಜಾಯ್ ಟು ರೀಡ್’ ಅಲ್ಲ, ತಪ್ಪು ನನ್ನದೇ

ಹೋದ ವಾರ ನಾನು ಬರೆದ ಇಂಗ್ಲಿಷ್ ಟಿಪ್ಸ್ ಮೆಸೇಜು ಗ್ರೂಪುಗಳನ್ನೆಲ್ಲ ಸುತ್ತಿ ಇವತ್ತು ನನಗೇ ವಾಪಸ್ ಬಂತು. ‘ಲೈಕ್, ಲವ್, ಎಂಜಾಯ್ ಮೂರರ ಮುಂದೆಯೂ ಟು ಹಾಕಬಹುದು’ ಎಂದಿದ್ದೆ. ಎಂಜಾಯ್ ವಿಷಯದಲ್ಲಿ ಅದು ತಪ್ಪು.

‘ಐ ಲೈಕ್ ಟು ರೀಡ್’, ‘ಐ ಲೈಕ್ ರೀಡಿಂಗ್’ ಎರಡೂ ಸರಿ. ಎಂಜಾಯ್ ಬಂದರೆ ಮಾತ್ರ ‘ಐ ಎಂಜಾಯ್ ರೀಡಿಂಗ್’ ಒಂದೇ ದಾರಿ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ ನಿಘಂಟುಗಳಲ್ಲಿ ಇರುವುದೂ ಇದೇ.

ಹಾಗೇ ಇನ್ನೊಂದು. ‘ಟ್ರಿಪ್‌ನಲ್ಲಿ ತುಂಬಾ ಎಂಜಾಯ್ ಮಾಡಿದ್ವಿ’ ಅಂತ ಕನ್ನಡದಲ್ಲಿ ಧಾರಾಳವಾಗಿ ಹೇಳ್ತೀವಲ್ಲ, ಅದನ್ನೇ ‘ವಿ ಎಂಜಾಯ್ಡ್ ಎ ಲಾಟ್’ ಮಾಡಿದರೆ ಏನನ್ನು ಅನ್ನೋದೇ ಬಿಟ್ಟುಹೋಗುತ್ತೆ. ‘ವಿ ರಿಯಲಿ ಎಂಜಾಯ್ಡ್ ಇಟ್’ ಅಥವಾ ‘ವಿ ಹ್ಯಾಡ್ ಎ ಗ್ರೇಟ್ ಟೈಮ್’ ಅಂದರೆ ಸಹಜ. (ನಾನೂ ವರ್ಷಗಟ್ಟಲೆ ಮೊದಲನೆಯದನ್ನೇ ಹೇಳಿದವನು.)

ಹಳೆಯ ಮೆಸೇಜು ನಿಮ್ಮಲ್ಲಿದ್ದರೆ ಅಳಿಸಿಬಿಡಿ, ದಯವಿಟ್ಟು ಫಾರ್ವರ್ಡ್ ಮಾಡಬೇಡಿ.