ಅರ್ಧ ರಕ್ತ ತೋರಿಸಿ, ಒಂದು ಡಾಲರ್ ಕಟ್ಟಿ

ಹವಾಯಿಯಲ್ಲಿ ಮನೆ ಕಟ್ಟಿಕೊಳ್ಳಲು ಸರ್ಕಾರದಿಂದ ಜಾಗ ಬೇಕಾ? ಬಾಡಿಗೆ ವರ್ಷಕ್ಕೆ 1 ಡಾಲರ್. ಗುತ್ತಿಗೆ 99 ವರ್ಷ. ಹೊನೊಲುಲು ಇರುವ ಓವಾಹು ದ್ವೀಪದಲ್ಲಿ ಸಾಧಾರಣ ಮನೆಗೆ ಹತ್ತು ಲಕ್ಷ ಡಾಲರ್ ಆಸುಪಾಸು ಕೇಳುವ ಕಾಲದಲ್ಲಿ ಇದಕ್ಕಿಂತ ಅಗ್ಗದ ವ್ಯವಹಾರ ಎಲ್ಲಿ ಸಿಗುತ್ತದೆ ಹೇಳಿ. ಷರತ್ತು ಒಂದೇ. ನಿಮ್ಮ ಮೈಯಲ್ಲಿ ಹರಿಯುವ ರಕ್ತದಲ್ಲಿ ಕನಿಷ್ಠ ಅರ್ಧದಷ್ಟು, 1778ಕ್ಕೆ ಮೊದಲು, ಅಂದರೆ ಕ್ಯಾಪ್ಟನ್ ಕುಕ್ ಹಡಗು ಬರುವುದಕ್ಕೂ ಮೊದಲು, ಆ ದ್ವೀಪಗಳಲ್ಲಿ ಬದುಕಿದ್ದವರಿಂದ ಬಂದದ್ದಾಗಿರಬೇಕು. ಮುಕ್ಕಾಲು ಇದ್ದರೆ ಸಂತೋಷ. ಶೇಕಡ 49 ಇದ್ದರೆ, ದಯವಿಟ್ಟು ಪಕ್ಕಕ್ಕೆ ಸರಿದು ನಿಲ್ಲಿ.

ಈ ನಿಯಮ ಯಾರೋ ಕುಡಿದು ಬರೆದದ್ದಲ್ಲ. ಅಮೆರಿಕದ ಕಾಂಗ್ರೆಸ್ 1921ರಲ್ಲಿ ಪಾಸು ಮಾಡಿದ ಕಾನೂನು, ಇವತ್ತಿಗೂ ಜಾರಿಯಲ್ಲಿದೆ.

ಹಿಂದಿನ ಕಥೆ ಸ್ವಲ್ಪ ಕೇಳಬೇಕು. 1893ರ ಜನವರಿಯಲ್ಲಿ ಹದಿಮೂರು ಜನರ ಒಂದು ಕಮಿಟಿ, ಹೆಚ್ಚಿನವರು ಬಿಳಿ ವ್ಯಾಪಾರಿಗಳು ಮತ್ತು ವಕೀಲರು, ರಾಣಿ ಲಿಲಿಯುವೊಕಲಾನಿಯನ್ನು ಗದ್ದುಗೆಯಿಂದ ಇಳಿಸಿತು. ಹೆಸರು 'ಕಮಿಟಿ ಆಫ್ ಸೇಫ್ಟಿ'. ಯಾರ ಸೇಫ್ಟಿ ಅಂತ ಕೇಳಬಾರದು. ಬಂದರಿನಲ್ಲಿದ್ದ ಅಮೆರಿಕದ ಯುದ್ಧ ಹಡಗಿನಿಂದ ಸೈನಿಕರು ಹಿಂದಿನ ದಿನವೇ ಇಳಿದು, ಸುಮ್ನೆ ಗಾಳಿ ಸೇವನೆಗೆ ಬಂದವರಂತೆ ಅರಮನೆ ಹತ್ತಿರ ನಿಂತಿದ್ದರು. ಆ ಮಾರ್ಚ್‌ನಲ್ಲಿ ಅಧಿಕಾರಕ್ಕೆ ಬಂದ ಅಮೆರಿಕದ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ತನಿಖೆ ಮಾಡಿಸಿ, ಇದು ಅನ್ಯಾಯ, ರಾಣಿಗೆ ರಾಜ್ಯ ವಾಪಸ್ ಕೊಡಿ ಎಂದ. ಅದಕ್ಕೆ ಹೊಸ ಸರ್ಕಾರದ ಮುಖ್ಯಸ್ಥ ಸ್ಯಾನ್‌ಫರ್ಡ್ ಡೋಲ್ (ಅನಾನಸ್ ಡಬ್ಬಿಯ ಮೇಲೆ ನೋಡಿರುತ್ತೀರಲ್ಲ, ಆ ಡೋಲ್ ಕಂಪನಿ ಶುರು ಮಾಡಿದವನು ಇವನ ಸಂಬಂಧಿ) ಕೊಟ್ಟ ಉತ್ತರ ಏನು ಗೊತ್ತಾ? ನಮ್ಮ ಆಂತರಿಕ ವಿಷಯದಲ್ಲಿ ತಲೆಹಾಕಲು ಅಮೆರಿಕಕ್ಕೆ ಹಕ್ಕಿಲ್ಲ! ಅಮೆರಿಕದ ಬಂದೂಕಿನ ನೆರಳಲ್ಲಿ ಕುರ್ಚಿ ಹಿಡಿದು ಒಂದು ವರ್ಷವೂ ಆಗಿರಲಿಲ್ಲ. ಮುಂದೆ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಹವಾಯಿ ಜನ ಅಮೆರಿಕಕ್ಕೆ ಸೇರಿಸಬೇಡಿ ಅಂತ ಸಹಿ ಹಾಕಿ ಕಳಿಸಿದರು. 1898ರಲ್ಲಿ ಸೇರಿಸಿಕೊಂಡರು. ರಾಜಮನೆತನದ ಮತ್ತು ಸರ್ಕಾರದ 18 ಲಕ್ಷ ಎಕರೆ ಜಮೀನೂ ಜೊತೆಗೇ ಹೋಯಿತು, ಒಂದು ಪೈಸೆ ಪರಿಹಾರ ಇಲ್ಲದೆ.

ಅದರಲ್ಲಿ ಸುಮಾರು 2 ಲಕ್ಷ ಎಕರೆಯನ್ನು ಮೂಲ ಜನರಿಗೆ ವಾಪಸ್ ಕೊಡೋಣ ಅಂತ ಹೊರಟದ್ದೇ 1921ರ ಕಾನೂನು. ಅದಕ್ಕಾಗಿ ಓಡಾಡಿದವನು ವಾಷಿಂಗ್ಟನ್‌ನಲ್ಲಿ ಹವಾಯಿ ಪ್ರತಿನಿಧಿಯಾಗಿದ್ದ ರಾಜಕುಮಾರ ಕೂಹಿಯೊ. ಮೂವತ್ತೆರಡರಲ್ಲಿ ಒಂದು ಪಾಲು ರಕ್ತ ಇದ್ದರೂ ಸಾಕು ಎನ್ನುವುದು ಅವನ ವಾದ. ಆದರೆ ಕಬ್ಬಿನ ತೋಟದ ಧಣಿಗಳ ಲೆಕ್ಕ ಬೇರೆ ಇತ್ತು. ಅರ್ಹರು ಕಡಿಮೆಯಾದಷ್ಟೂ ಕೊಡಬೇಕಾದ ನೆಲ ಕಡಿಮೆ. ಕೊನೆಗೆ ನಿಂತದ್ದು ಅರ್ಧ. ಕಬ್ಬು ಬೆಳೆಯುವ ಒಳ್ಳೆಯ ಜಮೀನನ್ನೂ ಮೊದಲೇ ಪಕ್ಕಕ್ಕೆ ಎತ್ತಿಟ್ಟರು. ಉಳಿದದ್ದರಲ್ಲಿ ಎಷ್ಟೋ ಕಡೆ ನೀರಿಲ್ಲ, ಎಷ್ಟೋ ಕಡೆ ಲಾವಾ ಕಲ್ಲು. ಬೇಸಾಯ ಮಾಡಿ ಉದ್ಧಾರವಾಗಿ ಅಂದರು.

ಈಗ ನೀವು ಅರ್ಧ ಅಂತ ಸಾಬೀತು ಮಾಡುವುದು ಹೇಗೆ? ಕಾಗದ ತರಬೇಕು. ನಿಮ್ಮದು, ಅಪ್ಪ ಅಮ್ಮಂದು, ಅಜ್ಜ ಅಜ್ಜಿಯರದು. ಜನನ ಪತ್ರ ಇಲ್ಲವೇ? ಚರ್ಚಿನ ದೀಕ್ಷೆಯ ದಾಖಲೆ ಹುಡುಕಿ. ಹಳೇ ಕಾಲದಲ್ಲಿ ಅಲ್ಲಿನವರಿಗೆ ಒಂದೇ ಹೆಸರು, ಮನೆತನದ ಹೆಸರು ಇಟ್ಟುಕೊಳ್ಳಬೇಕು ಅಂತ ಕಾನೂನು ಬಂದದ್ದೇ 1860ರಲ್ಲಿ. ನೂರಾರು ವರ್ಷ ವಂಶಾವಳಿಯನ್ನು ಬಾಯಿಪಾಠವಾಗಿ ಹಾಡಿಕೊಂಡು ಉಳಿಸಿದ ಜನ ಇವರು. ಇರಲಿ ತಾಯಿ, ಚೆನ್ನಾಗಿ ಹಾಡಿದಿರಿ, ಅದರ ಜೆರಾಕ್ಸ್ ಇದೆಯಾ?

ಪ್ರೀತಿ ಮಾಡುವವರ ಪಾಡು ಇನ್ನೂ ಚೆಂದ. ಕಬ್ಬಿನ ತೋಟಕ್ಕೆ ಚೀನಾ, ಜಪಾನ್, ಪೋರ್ಚುಗಲ್, ಫಿಲಿಪ್ಪೀನ್ಸ್ ಎಲ್ಲ ಕಡೆಯಿಂದ ಕೂಲಿಗಳನ್ನು ತಂದು ತುಂಬಿದ ಊರದು. ಒಂದೇ ಮನೆಯಲ್ಲಿ ನಾಲ್ಕು ದೇಶ ಇರುವುದು ಅಲ್ಲಿ ಮಾಮೂಲಿ. ಹಾಗಾಗಿ ಹುಡುಗ ಹುಡುಗಿ ಕಡಲ ತೀರದಲ್ಲಿ ಕೂತರೆ ಮೊದಲು ಭಿನ್ನರಾಶಿ ಲೆಕ್ಕ ಆಗಬೇಕು.

"ನಿನ್ನ ತೂತೂ (ಅಲ್ಲಿ ಅಜ್ಜ ಅಜ್ಜಿಗೆ ಹಾಗೆನ್ನುತ್ತಾರೆ) ಪೂರ್ತಿ ಹವಾಯಿಯವರಾ?"

"ಅಜ್ಜಿ ಪೂರ್ತಿ. ಅಜ್ಜ ಪೋರ್ಚುಗೀಸ್. ಅಮ್ಮನ ಕಡೆ ಎಲ್ಲ ಜಪಾನಿನವರು."

"ಹಾಗಾದರೆ ನೀನು ಕಾಲು ಭಾಗ. ನಾನು ಅರ್ಧ. ನಮ್ಮ ಮಗು ಎಂಟರಲ್ಲಿ ಮೂರು. ಬೇಡ ಬಿಡು, ಸ್ನೇಹಿತರಾಗಿರೋಣ."

ಸುಮ್ನೆ ತಮಾಷೆಗೆ ಹೇಳಿದೆ ಅಂದುಕೊಳ್ಳಬೇಡಿ. ಅರ್ಧ ರಕ್ತದ ಅಪ್ಪನಿಗೆ ಜಾಗ ಸಿಕ್ಕಿದರೆ, ಅದು ಮಕ್ಕಳಿಗೆ ಹೋಗಬೇಕಾದರೆ ಅವರಲ್ಲಿ ಕಾಲು ಭಾಗವಾದರೂ ಇರಬೇಕು. ಇಲ್ಲದಿದ್ದರೆ ಅಪ್ಪ ಸತ್ತ ಮೇಲೆ ಹುಟ್ಟಿ ಬೆಳೆದ ಮನೆಯೇ ಕೈಬಿಟ್ಟು ಹೋಗುತ್ತದೆ. ಇದನ್ನು ಮೂವತ್ತೆರಡರಲ್ಲಿ ಒಂದು ಪಾಲಿಗೆ ಇಳಿಸೋಣ ಅಂತ ಹವಾಯಿ ರಾಜ್ಯ 2017ರಲ್ಲಿ ಕಾನೂನು ಮಾಡಿತು. ಜಾರಿಗೆ ಬರಲು ವಾಷಿಂಗ್ಟನ್ ಒಪ್ಪಿಗೆ ಬೇಕು. ನೆಲ ನುಂಗಲು ಒಂದೇ ನಿರ್ಣಯ ಸಾಕಾಗಿತ್ತು, ಅಜ್ಜಿಯ ಮನೆ ಮೊಮ್ಮಗುವಿಗೆ ಹೋಗಲು ಎರಡೆರಡು ಶಾಸನಸಭೆ.

ಇಷ್ಟೆಲ್ಲ ದಾಟಿ ಬಂದವರಿಗೆ ಜಾಗ ಸಿಗುತ್ತದಾ? ಇಲ್ಲ, ಪಟ್ಟಿಯಲ್ಲಿ ಹೆಸರು ಸಿಗುತ್ತದೆ. ಆ ಪಟ್ಟಿಯಲ್ಲಿ 28 ಸಾವಿರಕ್ಕೂ ಹೆಚ್ಚು ಜನ ಇದ್ದಾರೆ. ನೂರು ವರ್ಷದಲ್ಲಿ ಜಾಗ ಸಿಕ್ಕಿದ್ದು ಸುಮಾರು ಹತ್ತು ಸಾವಿರ ಕುಟುಂಬಗಳಿಗೆ. ಕಾದು ಕಾದು ಬೇಸತ್ತವರು 1999ರಲ್ಲಿ ಕೋರ್ಟಿಗೆ ಹೋದರು. 2022ರಲ್ಲಿ 32.8 ಕೋಟಿ ಡಾಲರಿಗೆ ರಾಜಿ ಆಯಿತು. ಅಷ್ಟರಲ್ಲಿ ದಾವೆ ಹೂಡಿದವರಲ್ಲಿ ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡಿದ್ದರು. ಪಟ್ಟಿಯಲ್ಲಿರುವಾಗಲೇ ಸತ್ತರೆ ಆ ಸರದಿ ಮಕ್ಕಳಿಗೆ ಸಿಗಬೇಕಾದರೂ ಮತ್ತೆ ಅರ್ಧ ರಕ್ತ ತೋರಿಸಬೇಕು. ಇದರ ಚಾಲಾಕಿತನ ನೋಡಿ. ಜಾಗ ಹಂಚುವ ಇಲಾಖೆ ಯಾರಿಗೂ ಇಲ್ಲ ಅನ್ನಬೇಕಾಗಿಲ್ಲ. ಕೂತಿದ್ದರೆ ಸಾಕು. ಜನ ಮದುವೆಯಾಗುತ್ತಾರೆ, ಮಕ್ಕಳಾಗುತ್ತವೆ, ಪಾಲು ತಾನಾಗಿ ಇಳಿಯುತ್ತದೆ. ಇನ್ನು ಕೆಲವು ತಲೆಮಾರು ಫೈಲನ್ನು ಹೀಗೇ ಮುಚ್ಚಿಟ್ಟರೆ ಪಟ್ಟಿ ಪೂರ್ತಿ ಖಾಲಿ. ಸಮಸ್ಯೆ ಪರಿಹಾರವಾಯಿತು ಅಂತ ಆಗ ವರದಿ ಬರೆಯಬಹುದು. ಈಗಾಗಲೇ 2020ರ ಜನಗಣತಿಯ ಪ್ರಕಾರ ಹವಾಯಿಯ ಮೂಲ ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಹವಾಯಿಯ ಹೊರಗಿದ್ದಾರೆ. ಮರಳುಗಾಡಿನ ಲಾಸ್ ವೇಗಸ್‌ಗೆ ಅವರು ಇಟ್ಟಿರುವ ಹೆಸರು 'ಒಂಬತ್ತನೇ ದ್ವೀಪ'.

ಹಾಗಂತ ಅಮೆರಿಕಕ್ಕೆ ಪಶ್ಚಾತ್ತಾಪವೇ ಇಲ್ಲ ಅನ್ನಬೇಡಿ. 1993ರ ನವೆಂಬರ್ 23ರಂದು ಕ್ಲಿಂಟನ್ ಒಂದು ನಿರ್ಣಯಕ್ಕೆ ಸಹಿ ಹಾಕಿದ. ರಾಣಿಯನ್ನು ಇಳಿಸಿದ್ದು ಅಕ್ರಮ, ಜಮೀನು ತೆಗೆದುಕೊಂಡದ್ದು ಒಪ್ಪಿಗೆಯಿಲ್ಲದೆ, ಕ್ಷಮಿಸಿ ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ಕೊನೆಯಲ್ಲಿ ಒಂದು ಸಾಲು: ಈ ನಿರ್ಣಯ ಯಾವ ಹಕ್ಕುದಾವೆಯ ಇತ್ಯರ್ಥವೂ ಅಲ್ಲ. ಮನೆ ನುಗ್ಗಿದವನು ನೂರು ವರ್ಷ ಬಿಟ್ಟು ಬಂದು, ನಿಮ್ಮ ಮನೆಯದೇ ಸೋಫಾದಲ್ಲಿ ಕೂತು, ತಪ್ಪಾಯ್ತು ಸ್ವಾಮಿ ಅಂತ ಕಣ್ಣೊರೆಸಿಕೊಂಡು, ಕಾಫಿ ಕೇಳಿದ ಹಾಗೆ. 2009ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಇನ್ನೂ ಬಿಡಿಸಿ ಹೇಳಿತು. ಆ ನಿರ್ಣಯದ ಮೊದಲಲ್ಲಿ ತಪ್ಪೊಪ್ಪಿಕೊಂಡ 37 ಸಾಲುಗಳಿವೆ, ಆದರೆ ಜಮೀನಿನ ಮೇಲೆ ರಾಜ್ಯಕ್ಕಿರುವ ಹಕ್ಕು ಅದರಿಂದ ಬದಲಾಗುವುದಿಲ್ಲ.

ಒಂದು ಡಾಲರ್ ಬಾಡಿಗೆಗೆ ಬೇಗ ಜಾಗ ಸಿಗಲೇ ಇಲ್ಲವಾ ಅಂದರೆ, ಸಿಕ್ಕಿದೆ. ದೊಡ್ಡ ದ್ವೀಪದ ಪೊಹಾಕುಲೋವದಲ್ಲಿ ಸುಮಾರು 23 ಸಾವಿರ ಎಕರೆಯನ್ನು 1964ರಲ್ಲಿ ಸೈನ್ಯಕ್ಕೆ 65 ವರ್ಷ ಗುತ್ತಿಗೆ ಕೊಟ್ಟರು. ವರ್ಷಕ್ಕಲ್ಲ, 65 ವರ್ಷಕ್ಕೆ ಸೇರಿಸಿ 1 ಡಾಲರ್. ಬಾಂಬು, ಗುಂಡು ಹಾರಿಸಿ ಅಭ್ಯಾಸ ಮಾಡಲು. ಆ ಜಮೀನಿನ ಬಗ್ಗೆ ನೀವು ನಿಗಾ ಇಟ್ಟೇ ಇಲ್ಲ ಅಂತ ಹವಾಯಿಯ ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ರಾಜ್ಯವನ್ನು ತರಾಟೆಗೆ ತೆಗೆದುಕೊಂಡಿತು. ಗುತ್ತಿಗೆ 2029ಕ್ಕೆ ಮುಗಿಯುತ್ತದೆ, ಸೈನ್ಯಕ್ಕೆ ಬಿಡಲು ಮನಸ್ಸಿಲ್ಲ. ಯಾವ ಜನರಲ್‌ನ ಅಜ್ಜಿಯ ಜನನ ಪತ್ರವನ್ನೂ ಯಾರೂ ಕೇಳಿದ ಹಾಗಿಲ್ಲ.

ಅಲ್ಲೇ ಪಕ್ಕದಲ್ಲಿ ಮೌನಾ ಕೆಯಾ ಪರ್ವತ. ಅಲ್ಲಿನವರಿಗೆ ಪವಿತ್ರ, ಖಗೋಳ ವಿಜ್ಞಾನಿಗಳಿಗೆ ಪಂಚಪ್ರಾಣ. 1968ರಲ್ಲಿ ವಿಶ್ವವಿದ್ಯಾಲಯಕ್ಕೆ ಗುತ್ತಿಗೆ ಹೋಯಿತು, ಅಲ್ಲೂ ವರ್ಷಕ್ಕೆ ಅದೇ 1 ಡಾಲರ್. ಅಲ್ಲಿ ಮೂವತ್ತು ಮೀಟರ್ ಟೆಲಿಸ್ಕೋಪ್ ಕಟ್ಟಲು ಹೊರಟಾಗ 2019ರಲ್ಲಿ ಹಿರಿಯರು ರಸ್ತೆಗೆ ಕುರ್ಚಿ ಹಾಕಿ ಕೂತರು, ಪೊಲೀಸರು ಮೂವತ್ತಕ್ಕೂ ಹೆಚ್ಚು ಅಜ್ಜ ಅಜ್ಜಿಯರನ್ನು ಎತ್ತಿಕೊಂಡು ಹೋದರು. ಇದರಲ್ಲಿ ನಮ್ಮ ಪಾಲೂ ಇದೆ. ಭಾರತ ಈ ಯೋಜನೆಯ ಪಾಲುದಾರ ದೇಶ, ಕನ್ನಡಿಗಳಿಗೆ ಹೊಳಪು ಕೊಡುವ ಘಟಕ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿದೆ. ಕನ್ನಡಿಗೆ ಶಿಖರದಲ್ಲಿ ಇನ್ನೂ ಜಾಗ ಆಗಿಲ್ಲ. ಬೇಕಿದ್ದರೆ ಅದೂ ಒಂದು ಅರ್ಜಿ ಹಾಕಲಿ. ಮುಂದೆ 28 ಸಾವಿರ ಜನ ಇದ್ದಾರೆ, ಅಷ್ಟೇ.